ನಮ್ಮ ಮೋಟಾರಿನ ಉಪವಾಸ

ಹೊಟ್ಟೆತುಂಬ ಅನ್ನ ಸಿಕ್ಕದಿದ್ದರೆ ಮನುಷ್ಯ ಸಿಡುಕುತ್ತಾನೆ, ನಡುಗುತ್ತಾನೆ, ಹೇಳಿದ ಕೆಲಸಕ್ಕೆ ಒಮ್ಮೆಗೇ ಏಳುವುದಿಲ್ಲ. ಮೋಟಾರಿನ ಇಂಜಿನ್ನಿನ ಪಾಡೂ ಇದೇ ಎಂಬುದು ನಮಗೆ ಈಚೆಗೆ ಮನದಟ್ಟಾಯಿತು. ಬಿ.ಎ. ತರಗತಿಯಲ್ಲಿ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದಿ, ಪುಣೆಯ ಒಂದು ಸರಕಾರಿ ಕಛೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ ನಮಗೂ ಇಂಜಿನ್ ವಿದ್ಯೆಗೂ ಎಲ್ಲಿಯ ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಮಾವನವರ ಕಡೆಯಿಂದ ಬಂದದ್ದು. ಇನ್ನು ‘ನಾವು’ ಎಂದರೆ ಯಾರು ಯಾರು ಎಂದೂ ಕೇಳಬಹುದು. ನಾವು ಒಬ್ಬರೇ. ದಿನವೂ ‘ತಮ್ಮ ಪತ್ರ ತಲುಪಿದೆ, ಪರಿಶೀಲಿಸುತ್ತಿದ್ದೇವೆ’ ಎಂದು ಮರಾಠಿಯಲ್ಲಿ ಬರೆದೂ ಬರೆದೂ ಕನ್ನಡದಲ್ಲಿ ಕೂಡ ಏಕವಚನ ಮರೆತುಹೋಗಿದೆ, ಅಷ್ಟೆ.

ನಾವು ವರದಕ್ಷಿಣೆ ತೆಗೆದುಕೊಂಡವರಲ್ಲ. ಮದುವೆಯಾಗಿ ಮೂರು ವರ್ಷವಾದ ಮೇಲೆ ಮನೆಗೆ ಬಂದ, ಇಪ್ಪತ್ತಮೂರು ವರ್ಷ ವಯಸ್ಸಿನ ಮೋಟಾರನ್ನು ವರದಕ್ಷಿಣೆಯೆಂದು ಯಾವ ನ್ಯಾಯಾಲಯವೂ ಹೇಳಲಾರದು. ಅದು 1996ರಲ್ಲಿ ನಮ್ಮ ಮಾವನವರು ಸಾಲ ಮಾಡಿ ಕೊಂಡ ಮಾರುತಿ 800. ಈ ಜಾತಿಯ ಗಾಡಿ ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಮೂರು ಸಿಲಿಂಡರು, 796 ಸಿ.ಸಿ., ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು ಮತ್ತು ಒಂದು ಬುಟ್ಟಿ. ಮಾವನವರು ಧಾರವಾಡದ ಕಡೆಯವರು, ಪಿಂಪ್ರಿಯ ಒಂದು ಕಾರಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಕಣ್ಣು ಮಂಜಾದ್ದರಿಂದ 2019ರಲ್ಲಿ ಕೀಲಿಕೈಯನ್ನು ನಮ್ಮ ಕೈಗಿಟ್ಟರು. ಜೊತೆಗೆ ಒಂದು ನೋಟುಬುಕ್ಕನ್ನೂ ಕೊಟ್ಟರು. ಪೆಟ್ರೋಲು ಹಾಕಿಸಿದ ತಾರೀಖು, ಲೀಟರು, ಓಡಿದ ಕಿಲೋಮೀಟರು, ಭಾಗಾಕಾರ, ಇವು ಮೊದಲ ದಿನದಿಂದ ಒಂದು ಸಾಲೂ ತಪ್ಪದೆ ಅದರಲ್ಲಿವೆ. ಆ ಪದ್ಧತಿಯನ್ನು ನಾವೂ ಮುಂದುವರಿಸಿಕೊಂಡು ಬಂದಿದ್ದೇವೆ.

2025ರ ಬೇಸಗೆಯಲ್ಲಿ ಗಾಡಿಗೆ ಆರೋಗ್ಯ ಕೆಟ್ಟಿತು. ಸಿಗ್ನಲ್ಲಿನಲ್ಲಿ ನಿಂತರೆ ಮಲೇರಿಯಾ ಹಿಡಿದವರಂತೆ ನಡುಕ. ಹಸಿರು ದೀಪ ಬಿದ್ದು ಎಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಇಲ್ಲ, ಹಿಂದಿನಿಂದ ಹಾರ್ನುಗಳ ಮಂಗಳಾರತಿ, ಆಮೇಲೆ ಬಾನೆಟ್ಟಿನ ಕೆಳಗೆ ‘ಫಟ್’ ಎಂದು ಒಂದು ಸೀನು, ಅನಂತರ ಓಟ. ಸ್ವಾರಗೇಟಿನ ಚೌಕದಲ್ಲಿ ಮೂರು ಸಲ ಪೂರ್ತಿ ನಿಂತೇಹೋಯಿತು. ವಿಚಿತ್ರವೇನೆಂದರೆ ಊರು ದಾಟಿ ಸಾತಾರಾ ರಸ್ತೆ ಹಿಡಿದರೆ ಅದೇ ಗಾಡಿ ಅರುವತ್ತರ ವೇಗದಲ್ಲಿ ಸದ್ದಿಲ್ಲದೆ ಸಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಸಲಹೆಗೆ ಬರವಿಲ್ಲ. ಸಂಘದ ಸಭೆಯೊಂದರಲ್ಲಿ ಚಹದ ಲೋಟ ಹಿಡಿದುಕೊಂಡೇ ನಾಲ್ವರು ನಾಲ್ಕು ರೋಗ ಹೇಳಿದರು. ಒಬ್ಬರು ಪ್ಲಗ್ಗು ಎಂದರು, ಒಬ್ಬರು ಕಾಯಿಲ್ ಎಂದರು, ಇನ್ನೊಬ್ಬರು ಟ್ಯಾಂಕಿನಲ್ಲಿ ನೀರು ಎಂದರು, ನಾಲ್ಕನೆಯವರು ಶನಿವಾರ ಎಣ್ಣೆ ಬಿಡಿ ಎಂದರು. ಯಾವುದಕ್ಕೆ ಬಿಡಬೇಕೆಂದು ಹೇಳಲಿಲ್ಲ. ಮನೆಗೆ ಹತ್ತಿರದ ಗ್ಯಾರೇಜಿನವರು ಪ್ಲಗ್ಗುಗಳನ್ನೂ ಅವುಗಳ ತಂತಿಗಳನ್ನೂ ಬದಲಾಯಿಸಿ, ಎರಡು ದಿನ ಇಟ್ಟುಕೊಂಡು, ‘ವಾಲ್ವು ಹೋಗಿದೆ, ಇಂಜಿನ್ ಇಳಿಸಬೇಕು, 38 ಸಾವಿರ ಆಗುತ್ತದೆ’ ಎಂದರು. ಗುಜರಿಯವನನ್ನು ಕೇಳಿದರೆ ಇಡೀ ಗಾಡಿಗೆ ಅವನು ಕೊಡುವುದು 22 ಸಾವಿರ. ಇದರಲ್ಲಿ ಅರ್ಥಶಾಸ್ತ್ರದ ಪ್ರಶ್ನೆಯೇ ಉಳಿಯಲಿಲ್ಲ. ಲೆಕ್ಕ ತಾನಾಗಿಯೇ ಆಯಿತು. ಅಲ್ಲದೆ ನೋಂದಣಿಯ ನವೀಕರಣವೂ 2026ಕ್ಕೆ ಬರಲಿತ್ತು. ಹದಿನೈದು ವರ್ಷ ಮೀರಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಈ ಕರ್ಮ ತಪ್ಪಿದ್ದಲ್ಲ.

ಆದರೆ ಮನೆಯಲ್ಲಿ ಬೇರೊಂದು ಲೆಕ್ಕವಿತ್ತು. ಮಾವನವರಿಗೆ 74, ಅವರ ಅಕ್ಕನವರಿಗೆ 84, ಧಾರವಾಡದ ಮಾಳಮಡ್ಡಿಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಮಾವನವರಿಗೆ ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಬಸ್ಸಿನ ಮೆಟ್ಟಿಲು, ರೈಲಿನ ಮೆಟ್ಟಿಲು ಎರಡೂ ವರ್ಜ್ಯ. ಬಾಡಿಗೆಯ ದೊಡ್ಡ ಗಾಡಿಗಳಿಗೆ ಏರುವುದೂ ಕಷ್ಟ. ಈ ತಗ್ಗು ಸೀಟಿಗೆ ಮಾತ್ರ ಅವರು ಬೆನ್ನು ತಿರುಗಿಸಿ ಕೂತು, ಕಾಲೆರಡನ್ನೂ ಒಳಗೆ ಎಳೆದುಕೊಳ್ಳಬಲ್ಲರು. ದಸರೆಗೆ ಒಮ್ಮೆ ಅಕ್ಕನ ಮುಖ ನೋಡಿ ಬರಬೇಕೆಂದು ಯುಗಾದಿಯಿಂದ ಹೇಳುತ್ತಿದ್ದರು. ಗುಜರಿಯ ಮಾತು ಕಿವಿಗೆ ಬಿದ್ದ ಮೇಲೆ ಅದನ್ನೂ ಹೇಳುವುದನ್ನು ಬಿಟ್ಟರು. ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯಿಂದ ಗಾಡಿ ಒರೆಸುವುದನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಒರೆಸುತ್ತಲೇ, ನಮ್ಮ ಕಡೆ ನೋಡದೆ, “ಅಳಿಯಂದ್ರ, ಇಂಜಿನ್ ಇನ್ನೂ ಗಟ್ಟಿ ಅದ. ಅದಕ್ಕ ಏನೋ ಬೇಕಾಗೇದ, ಹೇಳಲಿಕ್ಕೆ ಬರವಲ್ಲದು” ಎಂದರು.

ಮೊದಲ ಸುಳಿವು ಕೊಟ್ಟವರು ನಮ್ಮಾಕೆ. ಮಗಳನ್ನು ಶಾಲೆಗೆ ಬಿಡಲು ಬೆಳಗಿನ ಹೊತ್ತು ಗಾಡಿ ನಡೆಸುವವರು ಅವರೇ. “ರೀ, ಚೋಕ್ ಎಳದಾಗ ನೆಟ್ಟಗ ನಡೀತದ, ಒಳಗ ತಳ್ಳಿದ ಕೂಡಲೆ ಅಳಲಿಕ್ಕೆ ಶುರು ಮಾಡ್ತದ. ಎಳದs ಇಟ್ಟರೇನಾಗ್ತದ?” ಎಂದು ಕೇಳಿದರು.

ಹೊಸ ಗಾಡಿಗಳನ್ನೇ ಕಂಡ ಓದುಗರಿಗೆ ಚೋಕ್ ಎಂದರೇನೆಂದು ಹೇಳಬೇಕು. ಹಳೆಯ ಇಂಜಿನ್ನಿಗೆ ಪೆಟ್ರೋಲನ್ನು ಕಲಸಿ ಕೊಡುವ ಅಡಿಗೆಯವನು ಕಾರ್ಬ್ಯುರೇಟರು. ಒಂದು ಕೊಳವೆ, ಅದರ ನಡುವೆ ಕೊರಳು ಕಿರಿದು. ಇಂಜಿನ್ ಉಸಿರೆಳೆದಾಗ ಗಾಳಿ ಆ ಕಿರಿದಾದ ಕೊರಳಿನಲ್ಲಿ ರಭಸದಿಂದ ನುಗ್ಗುತ್ತದೆ. ರಭಸ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. ತಗ್ಗಿದ ಕಡೆಗೆ ಸಣ್ಣ ತೂತಿನಿಂದ ಪೆಟ್ರೋಲು ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಹಿಂದೆ ಮನೆಮನೆಯಲ್ಲಿದ್ದ ಸೊಳ್ಳೆಯ ಫ್ಲಿಟ್ ಪಂಪು ಇದೇ ಉಪಾಯದ್ದು. ಬೆರಕೆಯ ಪ್ರಮಾಣ ಮಾತ್ರ ಅಡಿಗೆಗಿಂತ ಕಟ್ಟುನಿಟ್ಟು: ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ. ತೂಕದಲ್ಲಿ ಹೇಳಿದರೆ ಇದು ಅಷ್ಟೇನೂ ದೊಡ್ಡದೆನಿಸುವುದಿಲ್ಲ. ಅಳತೆಯಲ್ಲಿ ನೋಡಿದರೆ ಒಂದು ಲೀಟರು ಪೆಟ್ರೋಲು ಪೂರ್ತಿ ಸುಡಬೇಕಾದರೆ ಒಂಬತ್ತು ಹತ್ತು ಸಾವಿರ ಲೀಟರು ಗಾಳಿ ಬೇಕು. ನಾವು ಪೆಟ್ರೋಲಿನ ಗಾಡಿ ಎನ್ನುತ್ತೇವೆ. ವಾಸ್ತವವಾಗಿ ಅದು ಗಾಳಿಯ ಗಾಡಿ, ಪೆಟ್ರೋಲು ಒಗ್ಗರಣೆಗೆ.

ಗಾಳಿ ಇದಕ್ಕಿಂತ ಹೆಚ್ಚಾದರೆ ಮೆಕ್ಯಾನಿಕರು ‘ಲೀನ್’ ಎನ್ನುತ್ತಾರೆ. ಬಡಕಲು ಮಿಶ್ರಣ. ಪೆಟ್ರೋಲು ಹೆಚ್ಚಾದರೆ ‘ರಿಚ್’, ಶ್ರೀಮಂತ ಮಿಶ್ರಣ. ಅದು ಕರಿ ಹೊಗೆ ಕಾರುತ್ತದೆ, ಪ್ಲಗ್ಗಿಗೆ ಮಸಿ ಬಳಿಯುತ್ತದೆ, ಜೇಬಿಗೂ ಬಳಿಯುತ್ತದೆ. ಬಡಕಲಿನ ರೀತಿಯೇ ಬೇರೆ. ಅಂಥ ಮಿಶ್ರಣ ನಿಧಾನವಾಗಿ ಸುಡುತ್ತದೆ. ಹಳೆಯ ಬೆಂಕಿ ಇನ್ನೂ ಆರದೆ ಇರುವಾಗಲೇ ಹೊಸ ತುತ್ತಿಗೆ ಬಾಗಿಲು ತೆರೆಯುತ್ತದೆ. ಒಳಗಿನ ಕಿಡಿ ಬಾಗಿಲಾಚೆಗಿನ ಮಿಶ್ರಣಕ್ಕೆ ತಾಗಿ ಹಿಂದಕ್ಕೆ ಹಾರುತ್ತದೆ. ಬಾನೆಟ್ಟಿನ ಕೆಳಗಿನ ‘ಫಟ್’ ಎಂಬ ಸೀನು ಇದೇ. ಚೋಕಿನ ಗುಂಡಿ ಎಳೆದರೆ ಕೊಳವೆಯ ಬಾಯಿಗೆ ಒಂದು ಮುಚ್ಚಳ ಅಡ್ಡ ಬಂದು ಗಾಳಿ ಕಡಿಮೆಯಾಗುತ್ತದೆ, ಪೆಟ್ರೋಲಿನ ಪಾಲು ಹೆಚ್ಚುತ್ತದೆ. ತಣ್ಣಗಿರುವ ಇಂಜಿನ್ನಿಗೆ ಅದು ಎಲ್ಲ ಗಾಡಿಗಳಿಗೂ ಬೇಕು. ಬಿಸಿಯಾದ ಮೇಲೂ ಚೋಕ್ ಎಳೆದಾಗಲೇ ಸುಖವಾಗಿ ನಡೆಯುತ್ತದೆಂದರೆ, ಆ ಇಂಜಿನ್ ಹಸಿದಿದೆ ಎಂದರ್ಥ. ಎಳೆದೇ ಇಟ್ಟರೆ ಆಗುವುದೇನೆಂದರೆ, ಹಸಿವಿನ ಕಾರಣ ಹಾಗೇ ಉಳಿದು, ಹೆದ್ದಾರಿಯಲ್ಲಿ ಅಜೀರ್ಣ.

ಇಷ್ಟನ್ನು ಮಾವನವರ ಹಳೆಯ ಕೈಪಿಡಿಯಲ್ಲಿ ಓದಿಕೊಂಡ ಮೇಲೆ ನಮಗೆ ನಮ್ಮ ವೃತ್ತಿ ನೆನಪಾಯಿತು. ಯಾವ ತಕರಾರು ಬಂದರೂ ಹಿಂದಿನ ಕಾಗದ ತೆಗೆಯುವುದು ಗುಮಾಸ್ತನ ಧರ್ಮ. ಹಳೆಯ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಯಾಗಿ ಪಿ.ಯು.ಸಿ. ಚೀಟಿ ಸಿಗುತ್ತದಷ್ಟೆ. ಜನ ಅದರಲ್ಲಿ ‘ಪಾಸ್’ ಎಂಬ ಒಂದು ಶಬ್ದ ನೋಡಿ ಡಬ್ಬಿಗೆ ತುರುಕುತ್ತಾರೆ. ನಾವು ತುರುಕದೆ ಕಡತದಲ್ಲಿ ಹೊಲಿದಿಟ್ಟಿದ್ದೆವು. ಅದರಲ್ಲಿ ಎರಡು ಅಂಕಿಗಳಿರುತ್ತವೆ: ಒಂದು ಕಾರ್ಬನ್ ಮಾನಾಕ್ಸೈಡು, ಇನ್ನೊಂದು ಹೈಡ್ರೋಕಾರ್ಬನ್. ಮೊದಲನೆಯದು ಗಾಳಿ ಸಾಲದೆ ಅರೆಬರೆ ಸುಟ್ಟದ್ದರ ಗುರುತು. ಎರಡನೆಯದು ಸುಡದೆಯೇ ಹೊರಬಿದ್ದ ಪೆಟ್ರೋಲಿನದು. 2022ರ ಚೀಟಿಯಲ್ಲಿ ಮೊದಲನೆಯದು 1.6, ಎರಡನೆಯದು 310. 2024ರ ನಡುವಿನದರಲ್ಲಿ 0.6 ಮತ್ತು 420. 2025ರದರಲ್ಲಿ 0.2 ಮತ್ತು 1,140. ಮೂರರಲ್ಲೂ ‘ಪಾಸ್’. ಬಿಡಿಬಿಡಿಯಾಗಿ ನೋಡಿದರೆ ಏನೂ ಇಲ್ಲ. ಒಂದರ ಕೆಳಗೊಂದು ಬರೆದರೆ ಕಥೆ ಎದ್ದು ನಿಲ್ಲುತ್ತದೆ. ಮಾನಾಕ್ಸೈಡು ಇಳಿಯುತ್ತ ಬಂದಿದೆಯೆಂದರೆ ಒಳಗೆ ಗಾಳಿ ಹೆಚ್ಚುತ್ತ ಬಂದಿದೆ. ಗಾಳಿ ಮಿತಿಮೀರಿದಾಗ ಕೆಲವು ತುತ್ತುಗಳು ಹೊತ್ತಿಕೊಳ್ಳದೆಯೇ ಹಾಗೇ ಹೊರಗೆ ಹೋಗುತ್ತವೆ. ಅದಕ್ಕೇ ಎರಡನೆಯ ಅಂಕಿ ಒಮ್ಮೆಗೇ ಹಾರಿದೆ.

ನೋಟುಬುಕ್ಕು ಇದಕ್ಕೆ ಸಾಕ್ಷಿ ಹೇಳಿತು. ಲೀಟರಿಗೆ ಹದಿನೇಳೂವರೆ ಕೊಡುತ್ತಿದ್ದ ಗಾಡಿ 2024ರಲ್ಲಿ 18.4 ಕೊಟ್ಟಿತ್ತು. ಮನೆಯಲ್ಲಿ ಎಲ್ಲರಿಗೂ ಸಂತೋಷವಾಗಿತ್ತು. ಮರುವರ್ಷ ಅದು 13.5ಕ್ಕೆ ಬಿದ್ದಿತು. ಸೂತ್ರ ಸರಳವಾದದ್ದೇ: ಮಿಶ್ರಣ 15.5, 16ರ ಸುಮಾರಿಗೆ ತುಸು ಬಡಕಲಾದರೆ ಪೆಟ್ರೋಲು ಉಳಿಯುತ್ತದೆ, ಹದಿಮೂರರ ಆಸುಪಾಸಿನಲ್ಲಿ ಶಕ್ತಿ ಹೆಚ್ಚು. ಇನ್ನೂ ಬಡಕಲಾದರೆ ಉಳಿತಾಯವೂ ಇಲ್ಲ, ಶಕ್ತಿಯೂ ಇಲ್ಲ. ಚಾಲಕ ಎಕ್ಸಿಲರೇಟರನ್ನು ಇನ್ನಷ್ಟು ತುಳಿಯುತ್ತಾನೆ. ನಮ್ಮ ಜನಕ್ಕೆ ಮೈಲೇಜಿನ ಹುಚ್ಚು ಹೇಳತೀರದು. ವರನ ಸಂಬಳ ಕೇಳುವುದಕ್ಕೆ ಸಂಕೋಚಪಡುವವರು ಕೂಡ ಗಾಡಿ ‘ಎಷ್ಟು ಕೊಡುತ್ತದೆ’ ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಆ 18.4 ರೋಗದ ಮೊದಲ ಲಕ್ಷಣವೆಂದು ಯಾರಿಗೆ ತಾನೆ ತೋಚೀತು?

ಕಾಗದದಿಂದ ರೋಗದ ಹೆಸರು ತಿಳಿಯಿತು, ಜಾಗ ತಿಳಿಯಲಿಲ್ಲ. ಅದಕ್ಕೆ ಬೇಕಾದವರು ನಾನಾ ಪೇಠೆಯ ಹಿಂದಿನ ಗಲ್ಲಿಯೊಂದರಲ್ಲಿ ಸಿಕ್ಕರು. ವಿಜಾಪುರದ ಕಡೆಯ ಮುದುಕ ಮಿಸ್ತ್ರಿ. ಗ್ಯಾರೇಜು ಎನ್ನುವುದಕ್ಕೆ ಒಂದು ತಗಡಿನ ಮಾಡು, ಒಂದು ಬೇವಿನ ಮರ. ನಮ್ಮ ಕನ್ನಡ ಕೇಳಿದ ಕೂಡಲೆ ಸ್ಟೂಲು ಒರೆಸಿ ಕೂಡಿಸಿದರು. ಚೀಟಿಗಳನ್ನು ತೋರಿಸಿದೆವು, ಕನ್ನಡಕ ಏರಿಸಿ ನೋಡಿ, ನಕ್ಕು, “ಸಾಹೇಬ್ರ, ಇಷ್ಟ ವರ್ಷದಾಗ ಕಾಗದಾ ತಂದವ್ರು ನೀವ ಮೊದಲಿಗ್ರು” ಎಂದರು. ಕಛೇರಿಯಲ್ಲಿ ಹದಿಮೂರು ವರ್ಷದಿಂದ ನಮಗೆ ಇಂಥ ಪ್ರಶಂಸೆ ದೊರೆತಿಲ್ಲ.

ಅವರು ಕೇಳಿದ ಮೊದಲ ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯಿತು: “ನಿಂತಾಗ ಅಳ್ತೈತೋ, ಘಾಟ್ ಏರೂವಾಗ ಅಳ್ತೈತೋ?” ಈ ಭೇದ ತಿಳಿದುಕೊಳ್ಳಲು ಯೋಗ್ಯವಾದದ್ದು. ಬಡಕಲಿಗೆ ಕಾರಣ ಎರಡೇ. ಪೆಟ್ರೋಲು ಕಡಿಮೆ ಬರುತ್ತಿರಬೇಕು, ಇಲ್ಲವೆ ಲೆಕ್ಕಕ್ಕೆ ಸೇರದ ಗಾಳಿ ಎಲ್ಲಿಂದಲೋ ನುಸುಳುತ್ತಿರಬೇಕು. ಫಿಲ್ಟರು ಕಟ್ಟಿ, ಪಂಪು ಸೋತು, ಜೆಟ್ಟಿನಲ್ಲಿ ಕಸ ಕೂತು ಪೆಟ್ರೋಲು ಸಾಲದಿದ್ದರೆ, ನಿಂತಾಗ ಗಾಡಿ ಚೆನ್ನಾಗಿಯೇ ಇದ್ದು ಹೆಚ್ಚು ಬೇಡಿಕೆಯಿರುವ ಏರಿನಲ್ಲಿ ಕೈಕೊಡುತ್ತದೆ. ಗಾಳಿಯ ಸೋರಿಕೆಯಾದರೆ ತಿರುವುಮುರುವು. ಗಾಡಿ ನಿಂತಾಗ ಕಾರ್ಬ್ಯುರೇಟರಿನ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ, ಅದರ ಕೆಳಗೆ ಎಳೆತ ಅತಿ ಹೆಚ್ಚು. ಇಂಜಿನ್ ಕುಡಿಯುವುದೇ ಒಂದಿಷ್ಟು ಗಾಳಿ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಓಡುವಾಗ ಬಾಗಿಲು ತೆರೆದು ಗಾಳಿ ಧಾರಾಳವಾಗಿ ಬರುತ್ತದೆ. ಅದರ ನಡುವೆ ಬಿರುಕಿನ ಪಾಲು ಲೆಕ್ಕಕ್ಕಿಲ್ಲ. ಸ್ವಾರಗೇಟಿನಲ್ಲಿ ನಡುಕ, ಸಾತಾರಾ ರಸ್ತೆಯಲ್ಲಿ ಸುಖ. ನಮ್ಮ ಗಾಡಿ ಇಷ್ಟು ದಿನ ಬಾಯಿಬಿಟ್ಟು ಹೇಳುತ್ತಲೇ ಇತ್ತೆನ್ನಬೇಕು.

ಆದರೂ ಮಿಸ್ತ್ರಿ ಊಹೆಯ ಮೇಲೆ ಸ್ಪ್ಯಾನರು ಹಿಡಿಯುವವರಲ್ಲ. ಪ್ಲಗ್ಗು ಬಿಚ್ಚಿ, ಬೆಳಕಿಗೆ ಹಿಡಿದರು. ಸರಿಯಾದ ಪ್ಲಗ್ಗಿನ ಮೂತಿ ಹುರಿದ ರವೆಯ ಬಣ್ಣಕ್ಕಿರಬೇಕು. ಇವು ಸುಣ್ಣ ಬಳಿದಂತೆ ಬೆಳ್ಳಗಿದ್ದವು. “ಒಂದ ಬೆಳ್ಳಗಿದ್ರ ಆ ಒಂದ ಮನೀದಷ್ಟ ತಕರಾರು. ಮೂರೂ ಬೆಳ್ಳಗದಾವು. ಅಂದ್ರ ತಕರಾರು ಮೂರೂ ಮನಿಗಿ ಹೋಗೂ ದಾರ್ಯಾಗ ಐತಿ.” ಆಮೇಲೆ ಪ್ಲಗ್ಗಿನ ತೂತಿಗೆ ಮೀಟರು ಒತ್ತಿ ಹಿಡಿದು, ನಮ್ಮಿಂದ ಸೆಲ್ಫ್ ಹೊಡೆಸಿ, ಮೂರು ಸಿಲಿಂಡರಿನ ಕಂಪ್ರೆಶನ್ ನೋಡಿದರು. ಮೂರೂ ಹೆಚ್ಚುಕಡಿಮೆ ಸಮ. ವಾಲ್ವು ಹೋಗಿದ್ದರೆ ಹೀಗೆ ಬರುವುದು ಸಾಧ್ಯವಿಲ್ಲ. 38 ಸಾವಿರ ಅಲ್ಲಿಗೆ ನಮ್ಮ ತಲೆಯಿಂದ ಇಳಿಯಿತು. ಹಗುರಾದದ್ದು ನಮಗೇ ಕೇಳಿಸುವಷ್ಟಿತ್ತು.

ಇನ್ನು ಸೋರಿಕೆಯ ಶೋಧ. ಮೊಳದುದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು ನಡೆಯುತ್ತಿರುವ ಇಂಜಿನ್ನಿನ ಸುತ್ತ ಆಡಿಸಿದರು, ಡಾಕ್ಟರು ಎದೆ ನೋಡಿದಂತೆಯೇ. ಒಂದು ಕಡೆ ನಿಂತರು. ನಮ್ಮ ಕಿವಿಗೂ ಇಟ್ಟರು: ಹಾವು ಬುಸುಗುಟ್ಟಿದ ಹಾಗೆ ಸಣ್ಣ ಸದ್ದು. ಆಮೇಲೆ ಇಸ್ತ್ರಿಯವರ ಹತ್ತಿರವಿರುವಂಥ ಒಂದು ನೀರು ಚಿಮುಕಿಸುವ ಬಾಟಲಿ ತೆಗೆದು, ಕಾರ್ಬ್ಯುರೇಟರು ಮ್ಯಾನಿಫೋಲ್ಡಿನ ಮೇಲೆ ಕೂತಿರುವ ಸಂದಿಗೆ ಸಾಬೂನು ನೀರು ಹೊಡೆದರು. ಆ ಕ್ಷಣ ನಡುಕ ನಿಂತಿತು. ಇಂಜಿನ್ ಎರಡು ಉಸಿರು ನೆಮ್ಮದಿಯಾಗಿ ಆಡಿತು. ನೀರು ಒಳಗೆ ಎಳೆದುಹೋದ ಮೇಲೆ ಮತ್ತೆ ನಡುಕ. ಮತ್ತೆ ಹೊಡೆದರು, ಮತ್ತೆ ನೆಮ್ಮದಿ. ಕೆಲವರು ಇದೇ ಪರೀಕ್ಷೆಯನ್ನು ಪೆಟ್ರೋಲು ಚಿಮುಕಿಸಿ ಮಾಡುತ್ತಾರಂತೆ. ಕಾದ ಇಂಜಿನ್ನಿನ ಮೇಲೆ ಪೆಟ್ರೋಲು ಚೆಲ್ಲುವವರ ಧೈರ್ಯಕ್ಕೆ ನಮ್ಮ ದೂರದ ನಮಸ್ಕಾರ.

ಬಿಚ್ಚಿ ನೋಡಿದರೆ, ಕಾರ್ಬ್ಯುರೇಟರಿನ ಪೀಠದ ಕೆಳಗಿನ ಪ್ಯಾಕಿಂಗು ಇಷ್ಟು ವರ್ಷದ ಕಾವಿಗೆ ಒಣಗಿ, ಹಪ್ಪಳದಂತೆ ಒಂದು ಮೂಲೆಯಲ್ಲಿ ಸೀಳಿತ್ತು. ಹೊಸ ಪ್ಯಾಕಿಂಗಿಗೆ 60 ರೂಪಾಯಿ. ಪೀಠವನ್ನು ಗಾಜಿನ ಮೇಲೆ ಉಜ್ಜಿ ಮಟ್ಟ ಮಾಡಿ, ಜೆಟ್ಟು ತೊಳೆದು, ಸ್ಕ್ರೂ ತಿರುಗಿಸಿ ಹೊಂದಿಸಿದ್ದಕ್ಕೆ ಮಜೂರಿ 500.

ಹಣ ಎಣಿಸುತ್ತ ಮಿಸ್ತ್ರಿ, “ಪ್ಯಾಕಿಂಗ್ ಹಳೇದ್ರಿ, ಆದ್ರ ಈಗಿನ ಪೆಟ್ರೋಲೂ ಮೊದಲಿನ್ಹಂಗಿಲ್ಲ” ಎಂದರು. ಮನೆಗೆ ಬಂದು ವಿಚಾರಿಸಿದರೆ ಮಾತು ನಿಜ. ಪೆಟ್ರೋಲಿಗೆ ಎಥನಾಲು ಬೆರೆಸುವ ಪ್ರಮಾಣ 2022ರಲ್ಲಿ ನೂರಕ್ಕೆ ಹತ್ತು ಮುಟ್ಟಿತು. ಮೊದಲು 2030ಕ್ಕೆಂದು ಇಟ್ಟಿದ್ದ ನೂರಕ್ಕೆ ಇಪ್ಪತ್ತರ ಗುರಿ 2025ರಲ್ಲೇ ಕೈಗೂಡಿತು. ಎಥನಾಲು ಬಹುಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಗಳದ್ದು; ನಮ್ಮ ಬೆಳಗಾವಿ, ಬಾಗಲಕೋಟೆಯ ಕಬ್ಬೂ ಅದರಲ್ಲಿ ಸೇರಿರಬಹುದೆಂದು ಒಂದು ಅಭಿಮಾನ. ಆದರೆ ಎಥನಾಲು ತನ್ನೊಳಗೇ ಆಮ್ಲಜನಕ ಇಟ್ಟುಕೊಂಡು ಬರುತ್ತದೆ. ಅದಕ್ಕೆ ಬೇಕಾದ ಗಾಳಿ ಒಂದಕ್ಕೆ ಒಂಬತ್ತು ಮಾತ್ರ. ಇಪ್ಪತ್ತರ ಬೆರಕೆಗೆ ಸುಮಾರು ಹದಿಮೂರೂವರೆ. ಹದಿನಾಲ್ಕು ಮುಕ್ಕಾಲಿಗೆ ತೂತು ಕೊರೆದ 1996ರ ಕಾರ್ಬ್ಯುರೇಟರಿಗೆ ಇದು ಹೇಗೆ ತಿಳಿಯಬೇಕು? ಅದು ಹಿಂದಿನಷ್ಟೇ ಗಾಳಿಗೆ ಹಿಂದಿನಷ್ಟೇ ಎಣ್ಣೆ ಬಡಿಸುತ್ತದೆ. ಮಿಶ್ರಣ ತಾನಾಗಿಯೇ ಬಡಕಲಾಗುತ್ತದೆ. ಹೊಸ ಗಾಡಿಗಳ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಮೂಸುವ ಒಂದು ಮೂಗು ಇರುತ್ತದೆ. ಅದು ಹೇಳಿದಂತೆ ಒಳಗಿನ ಗಣಕಯಂತ್ರ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತದೆ. ತನ್ನ ಕೈಮೀರಿದರೆ ದೀಪ ಹೊತ್ತಿಸಿ ‘ಪಿ 0171’ ಎಂದು ಸಂಕೇತ ಬರೆದಿಡುತ್ತದೆ, ಬಡಕಲು ಎಂದೇ ಅದರ ಅರ್ಥ. ನಮ್ಮ ಗಾಡಿಗೆ ಮೂಗೂ ಇಲ್ಲ, ದೀಪವೂ ಇಲ್ಲ. ಮೊದಲೇ ಬಿರುಕಿನಿಂದ ಉಪವಾಸ, ಅದರ ಮೇಲೆ ಈ ಪೆಟ್ರೋಲು: ಬರಗಾಲದಲ್ಲಿ ಅಧಿಕಮಾಸ. ಮಿಸ್ತ್ರಿ ಸ್ಕ್ರೂವನ್ನು ಅರ್ಧ ಸುತ್ತು ಹೆಚ್ಚು ಬಿಚ್ಚಿದ್ದು ಇದಕ್ಕಾಗಿಯಂತೆ. ರಬ್ಬರ್ ಕೊಳವೆಗಳನ್ನೂ ವರ್ಷಕ್ಕೊಮ್ಮೆ ನೋಡಿಸಿರಿ ಎಂದು ಹೇಳಿ ಕಳಿಸಿದರು, ಹಳೆಯ ರಬ್ಬರಿಗೆ ಎಥನಾಲು ಒಗ್ಗುವುದಿಲ್ಲ.

ಅಂದು ಸಂಜೆ ಗಾಡಿ ಮನೆಯ ಮುಂದೆ ಬಂದು ನಿಂತಾಗ ಮಾವನವರು ಕಟ್ಟೆಯ ಮೇಲಿದ್ದರು. ಇಂಜಿನ್ ನಿಲ್ಲಿಸಹೋದೆವು, ಬೇಡವೆಂದು ಕೈ ಮಾಡಿದರು. ಕೋಲೂರಿಕೊಂಡು ಬಂದು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಏನೂ ಹೇಳಲಿಲ್ಲ. ಒಳಗೆ ಹೋಗಿ ಧಾರವಾಡಕ್ಕೆ ಫೋನು ಮಾಡಿದರು.

ದಸರೆಯ ರಜೆಯಲ್ಲಿ ಹೊರಟೆವು. ಟ್ಯಾಂಕು ತುಂಬ ಪೆಟ್ರೋಲು, ಹಿಂದಿನ ಸೀಟಿನಲ್ಲಿ ನಮ್ಮಾಕೆ, ಮಗಳು, ಬುಟ್ಟಿ. ಖಂಬಾಟಕಿ ಘಾಟಿನಲ್ಲಿ ಲಾರಿಯೊಂದರ ಹಿಂದೆ ಪೂರ್ತಿ ನಿಂತು ಮತ್ತೆ ಏರಬೇಕಾಯಿತು. ಮಾವನವರ ಕೈ ಡ್ಯಾಶ್‌ಬೋರ್ಡಿನ ಮೇಲೆ ಬಿಗಿಯಾಗಿದ್ದುದನ್ನು ನಾವು ಕಂಡೆವು. ಗಾಡಿ ಸೀನದೆ ಏರಿತು. ನಿಪ್ಪಾಣಿಯಲ್ಲಿ ಊಟ. ಸಂಜೆ ಮಾಳಮಡ್ಡಿ ಮುಟ್ಟಿದಾಗ, ಹಾಸಿಗೆಯಲ್ಲಿದ್ದ ಅತ್ತೆಯವರು ತಮ್ಮನ ಕೈ ಹಿಡಿದುಕೊಂಡು ಕೇಳಿದ ಮೊದಲ ಮಾತು, “ಇನ್ನೂ ಅದs ಗಾಡಿ ಏನೋ, ತಮ್ಮಾ?” ಎಂಬುದು. ಕಿಟಕಿಯಿಂದ ಸದ್ದು ಕೇಳಿಯೇ ಅವರು ಗುರುತು ಹಿಡಿದಿದ್ದರು.

ಮರುದಿನ ಬೆಳಿಗ್ಗೆ ಪೆಟ್ರೋಲು ಹಾಕಿಸಲು ಹೋದಾಗ ಮಾವನವರೂ ಬಂದರು. ಓಡಿದ್ದು 418 ಕಿಲೋಮೀಟರು, ಹಿಡಿದದ್ದು 24.6 ಲೀಟರು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಭಾಗಿಸಿ, “ಹದಿನಾರು ಪಾಯಿಂಟ್ ತೊಂಬತ್ತೊಂಬತ್ತು” ಎಂದರು. ನಮ್ಮಾಕೆ ನೋಟುಬುಕ್ಕು ತೆರೆದು, “ಹದಿನೇಳು ಅಂತ ಬರೀಲೇನ್ರಿ, ಅಪ್ಪಾ?” ಎಂದು ಕೇಳಿದರು.

“ಕೊಟ್ಟದ್ದಷ್ಟs ಬರಿ” ಎಂದರು ಮಾವನವರು.